ಲಕ್ರಾಸ್ ಆಡುವ ಮಕ್ಕಳು ಅಮೆರಿಕದ ಕಾಲೇಜು ತಂಡ ಸೇರುವ ಬಗೆ

ಕೋಲಿನ ತುದಿಯ ಬಲೆಯಲ್ಲಿ ಚೆಂಡನ್ನು ಹಿಡಿದು, ಓಡಿ, ಎಸೆದು ಗೋಲು ಹೊಡೆಯುವ ಲಕ್ರಾಸ್, ಹೌಡೆನೋಶೌನಿ ಮೊದಲಾದ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ ಆಟ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಕ್ರಿಕೆಟ್ಟನ್ನು ಸೇರಿಸಿದಾಗ ಅದೇ ಪಟ್ಟಿಯಲ್ಲಿ ಲಕ್ರಾಸ್ ಕೂಡ ಇದ್ದುದರಿಂದ, ಭಾರತದಲ್ಲಿರುವ ಓದುಗರಿಗೂ ಈ ಹೆಸರು ಒಮ್ಮೆ ಕಿವಿಗೆ ಬಿದ್ದಿರಬಹುದು. ಆದರೆ ಮೇರಿಲ್ಯಾಂಡ್, ನ್ಯೂಜೆರ್ಸಿ, ವರ್ಜೀನಿಯಾ, ಮ್ಯಾಸಚೂಸೆಟ್ಸ್ ಕಡೆಯ ಹೈಸ್ಕೂಲುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡ ಕುಟುಂಬಗಳಿಗೆ ಇದು ಮನೆಯೊಳಗಿನ ವಿಷಯ. ಶಾಲೆಯ ತಂಡದಲ್ಲಿ ಚೆನ್ನಾಗಿ ಆಡುತ್ತಿರುವ ಮಗನೋ ಮಗಳೋ ಕಾಲೇಜಿನಲ್ಲಿಯೂ ಆಡಬೇಕೆಂದಾಗ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದು ಆ ಕ್ರಮದಲ್ಲಿ ಬೆಳೆಯದ ತಂದೆತಾಯಿಗೆ ಸುಲಭವಾಗಿ ತಿಳಿಯುವುದಿಲ್ಲ. ಈ ಲೇಖನ ಅಂಥವರಿಗಾಗಿ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಮಗು ಚೆನ್ನಾಗಿ ಆಡಿದರೆ ಯಾರೋ ಒಬ್ಬ ಕೋಚ್ ಮೈದಾನದ ಅಂಚಿನಲ್ಲಿ ನಿಂತು ನೋಡಿ, ತಾನಾಗಿಯೇ ಬಂದು ಕರೆಯುತ್ತಾರೆ ಎಂದು ಅನೇಕರು ನಂಬಿದ್ದಾರೆ. ಅತಿ ಮೇಲಿನ ಸ್ತರದ ಕೆಲವೇ ಆಟಗಾರರ ವಿಷಯದಲ್ಲಿ ಮಾತ್ರ ಹಾಗಾಗುತ್ತದೆ. ಉಳಿದವರೆಲ್ಲ ತಮಗೆ ಹೊಂದುವ ಕಾಲೇಜುಗಳನ್ನು ತಾವೇ ಹುಡುಕಿ, ಅಲ್ಲಿನ ಕೋಚುಗಳಿಗೆ ತಾವೇ ಬರೆದು, ತಮ್ಮ ಆಟವನ್ನು ನೋಡುವಂತೆ ತಾವೇ ಮಾಡಬೇಕು. ಇದಕ್ಕೆ ಆಟದಷ್ಟೇ, ಎಷ್ಟೋ ಸಲ ಆಟಕ್ಕಿಂತ ಹೆಚ್ಚಾಗಿ, ಅಂಕಪಟ್ಟಿ ಕೆಲಸಕ್ಕೆ ಬರುತ್ತದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಲಕ್ರಾಸ್ ಬೇರೂರಿರುವ ಕಾಲೇಜುಗಳ ಸ್ವರೂಪವೇ ಹಾಗಿದೆ.

ಯಾವ ಸ್ತರದಲ್ಲಿ ಏನಿದೆ

ಕಾಲೇಜು ಕ್ರೀಡೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಡಿವಿಷನ್ 1ರಲ್ಲಿ ಗಂಡುಮಕ್ಕಳ ಲಕ್ರಾಸ್ ತಂಡಗಳಿರುವುದು ಎಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಹೆಣ್ಣುಮಕ್ಕಳ ತಂಡಗಳು ನೂರಿಪ್ಪತ್ತನ್ನು ದಾಟುತ್ತವೆ. ಟಿವಿಯಲ್ಲಿ ಕಾಣುವ ಮೇರಿಲ್ಯಾಂಡ್, ವರ್ಜೀನಿಯಾ, ಡ್ಯೂಕ್, ಸಿರಕ್ಯೂಸ್, ಜಾನ್ಸ್ ಹಾಪ್ಕಿನ್ಸ್, ನಾಟರ್ ಡೇಮ್ ತಂಡಗಳೆಲ್ಲ ಇಲ್ಲಿಯವು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗ್ ವಿಶ್ವವಿದ್ಯಾಲಯಗಳೂ ಇದೇ ಡಿವಿಷನ್‌ನಲ್ಲಿ ಆಡುತ್ತವೆ. 2025ರ ಗಂಡುಮಕ್ಕಳ ಚಾಂಪಿಯನ್ ತಂಡವಾದ ಕಾರ್ನೆಲ್ ಕೂಡ ಐವಿ ಲೀಗ್‌ನದೇ. ಆದರೆ ಐವಿ ಲೀಗ್‌ನಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ. ಕುಟುಂಬದ ಆದಾಯವನ್ನು ನೋಡಿ ಕೊಡುವ ನೆರವು ಮಾತ್ರ ಉಂಟು.

ಡಿವಿಷನ್ 2ರಲ್ಲಿ ಆಟಕ್ಕೆ ಭಾಗಶಃ ನೆರವು ಸಿಗುತ್ತದೆ. ಡಿವಿಷನ್ 3ರಲ್ಲಿ ಗಂಡುಮಕ್ಕಳ ತಂಡಗಳೇ ಇನ್ನೂರಕ್ಕೂ ಹೆಚ್ಚಿವೆ, ಆಟಕ್ಕೆಂದು ಹಣ ಮಾತ್ರ ಇಲ್ಲ. ಹಾಗೆಂದು ಇದನ್ನು ಮೂರನೆಯ ದರ್ಜೆ ಎಂದು ತಳ್ಳಿಹಾಕುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು. ವಿಲಿಯಮ್ಸ್, ಆಮ್‌ಹರ್ಸ್ಟ್, ಮಿಡಲ್‌ಬರಿ, ಟಫ್ಟ್ಸ್‌ನಂತಹ, ಓದಿನಲ್ಲಿ ದೇಶದ ಮುಂಚೂಣಿಯಲ್ಲಿರುವ ಕಾಲೇಜುಗಳು ಇಲ್ಲಿವೆ. ಟಫ್ಟ್ಸ್ 2024 ಮತ್ತು 2025ರಲ್ಲಿ ಸತತವಾಗಿ ಗಂಡುಮಕ್ಕಳ ಪ್ರಶಸ್ತಿ ಗೆದ್ದಿತು. ಅಲ್ಲಿ ಆಡುವುದೂ ಸುಲಭವಲ್ಲ, ಪ್ರವೇಶ ಪಡೆಯುವುದಂತೂ ಇನ್ನೂ ಕಷ್ಟ. ಇವಲ್ಲದೆ ಎರಡು ವರ್ಷದ ಜೂನಿಯರ್ ಕಾಲೇಜುಗಳಿವೆ. ಸಿರಕ್ಯೂಸ್ ಊರಿನ ಒನಂಡಾಗ ಕಮ್ಯುನಿಟಿ ಕಾಲೇಜು ಈ ಆಟದಲ್ಲಿ ದೊಡ್ಡ ಹೆಸರು. ಅಲ್ಲಿಂದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಗಿ ಆಡಿದವರಿದ್ದಾರೆ.

ಎಲ್ಲಕ್ಕೂ ಮೊದಲು ತರಗತಿ

ಒಂಬತ್ತನೇ ತರಗತಿಯಲ್ಲಿಯೇ ಮಾಡಬೇಕಾದ ಕೆಲಸ ಒಂದಿದೆ: ಶಾಲೆಯ ಕೌನ್ಸೆಲರ್ ಜೊತೆ ಕುಳಿತು, ಮಗು ತೆಗೆದುಕೊಳ್ಳುತ್ತಿರುವ ವಿಷಯಗಳನ್ನು ಎನ್‌ಸಿಎಎ ಮಾನ್ಯ ಮಾಡಿದೆಯೇ ಎಂದು ನೋಡುವುದು. ಡಿವಿಷನ್ 1ರಲ್ಲಿ ಆಡಲು 16 ಕೋರ್ ಕೋರ್ಸ್‌ಗಳು ಬೇಕು. ಅವುಗಳಲ್ಲಿ ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು ವರ್ಷ, ವಿಜ್ಞಾನ ಎರಡು ವರ್ಷ, ಸಮಾಜವಿಜ್ಞಾನ ಎರಡು ವರ್ಷ ಇರಲೇಬೇಕು. ಹದಿನಾರರಲ್ಲಿ ಹತ್ತನ್ನು ಹನ್ನೆರಡನೇ ತರಗತಿ ಆರಂಭವಾಗುವ ಮೊದಲೇ ಮುಗಿಸಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನಗಳವೇ ಆಗಿರಬೇಕು. ಈ ವಿಷಯಗಳಲ್ಲಿ ಕನಿಷ್ಠ ಜಿಪಿಎ ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2. ಎಸ್‌ಎಟಿ, ಎಸಿಟಿ ಅಂಕಗಳನ್ನು ಎನ್‌ಸಿಎಎ 2023ರಿಂದ ಕೇಳುತ್ತಿಲ್ಲ. ಆದರೆ ಕಾಲೇಜುಗಳ ಪ್ರವೇಶ ವಿಭಾಗಗಳು ಕೇಳಬಹುದು, ಈಚೆಗೆ ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಮತ್ತೆ ಕೇಳಲಾರಂಭಿಸಿವೆ.

2.3 ಎಂಬ ಅಂಕಿ ನೋಡಿ ನಮ್ಮ ಮನೆಗಳಲ್ಲಿ ನಕ್ಕುಬಿಡುತ್ತಾರೆ. ಅದು ಆಡಲು ಬೇಕಾದ ಕನಿಷ್ಠ ಮಾತ್ರ, ಕಾಲೇಜು ಸೇರಲು ಬೇಕಾದದ್ದಲ್ಲ. ಓದಿನಲ್ಲಿ ಬಿಗಿಯಾದ ಕಾಲೇಜಿನ ಕೋಚ್ ಎಷ್ಟೇ ಮೆಚ್ಚಿದರೂ, ಪ್ರವೇಶ ವಿಭಾಗ ಒಪ್ಪದಿದ್ದರೆ ಅವರ ಕೈಯಲ್ಲಿ ಏನೂ ಇಲ್ಲ. ಇದನ್ನೇ ತಿರುವಿ ನೋಡಿದರೆ, ಒಂದೇ ಮಟ್ಟದಲ್ಲಿ ಆಡುವ ಇಬ್ಬರು ಕೋಚಿನ ಪಟ್ಟಿಯಲ್ಲಿದ್ದಾಗ ಯಾರ ಅಂಕಪಟ್ಟಿ ಪ್ರವೇಶ ವಿಭಾಗದಲ್ಲಿ ಚರ್ಚೆಯಿಲ್ಲದೆ ದಾಟುತ್ತದೋ ಅವರೇ ಮುಂದೆ ಬರುತ್ತಾರೆ. ಸಂಜೆಯ ಅಭ್ಯಾಸಕ್ಕಾಗಿ ಗಣಿತದ ಮೇಲಿನ ತರಗತಿಯನ್ನು ಬಿಡಿಸುವ ತಂದೆತಾಯಿ ಮಗುವಿನ ಆಟಕ್ಕೂ ಉಪಕಾರ ಮಾಡುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಸೆಪ್ಟೆಂಬರ್ 1 ಎಂಬ ದಿನ

ಒಂದು ಕಾಲಕ್ಕೆ ಎಂಟನೇ, ಒಂಬತ್ತನೇ ತರಗತಿಯ ಮಕ್ಕಳೇ ಕಾಲೇಜುಗಳಿಗೆ ಬಾಯಿಮಾತು ಕೊಟ್ಟುಬಿಡುತ್ತಿದ್ದರು. ಇದು ಕೈಮೀರುತ್ತಿದೆ ಎಂದು ಲಕ್ರಾಸ್ ಕೋಚುಗಳ ಸಂಘಗಳೇ ಒತ್ತಾಯಿಸಿದ್ದರಿಂದ 2017ರ ಏಪ್ರಿಲ್‌ನಲ್ಲಿ ಹೊಸ ನಿಯಮ ಬಂತು. ಅದರ ಪ್ರಕಾರ, ವಿದ್ಯಾರ್ಥಿ ಹನ್ನೊಂದನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರ ಮೊದಲು ಡಿವಿಷನ್ 1ರ ಕೋಚ್ ಆಯ್ಕೆಯ ಬಗ್ಗೆ ಆ ವಿದ್ಯಾರ್ಥಿಯ ಜೊತೆ ಮಾತನಾಡುವಂತಿಲ್ಲ; ಮಗುವೇ ಫೋನ್ ಮಾಡಿದರೂ ಮಾತನಾಡುವಂತಿಲ್ಲ. ಕಾಲೇಜಿನ ಬೇಸಿಗೆ ಶಿಬಿರದಲ್ಲಿ ಎದುರಿಗೇ ನಿಂತಿದ್ದರೂ ಆಟ ಹೇಳಿಕೊಡಬಹುದೇ ಹೊರತು ಆಯ್ಕೆಯ ಮಾತೆತ್ತುವಂತಿಲ್ಲ. ಡಿವಿಷನ್ 2ರಲ್ಲಿ ಈ ಗಡಿ ಹತ್ತನೇ ತರಗತಿ ಮುಗಿದ ನಂತರದ ಜೂನ್ 15. ಡಿವಿಷನ್ 3ರ ಕೋಚುಗಳು ಯಾವಾಗ ಬೇಕಾದರೂ ಇಮೇಲ್ ಬರೆಯಬಹುದು, ಫೋನಿನಲ್ಲಿ ಮಾತನಾಡಬಹುದು.

ಕೋಚ್ ಮಾತನಾಡುವಂತಿಲ್ಲ ಎಂದರೆ ನೋಡುವಂತಿಲ್ಲ ಎಂದರ್ಥವಲ್ಲ. ಸೆಪ್ಟೆಂಬರ್ 1ರಂದು ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿ ಅವರ ಬಳಿ ಅಷ್ಟರಲ್ಲಿ ಸಿದ್ಧವಿರುತ್ತದೆ, ಅದು ಸಿದ್ಧವಾಗುವುದು ಹತ್ತನೇ ತರಗತಿಯ ವರ್ಷದಲ್ಲಿ ಮತ್ತು ಅದರ ನಂತರದ ಜೂನ್-ಜುಲೈನ ಟೂರ್ನಿಗಳಲ್ಲಿ. ಆದ್ದರಿಂದ ವಿಡಿಯೊ ಮಾಡುವುದು, ಕಾಲೇಜುಗಳ ಪಟ್ಟಿ ಮಾಡುವುದು, ಪ್ರತಿ ತಂಡದ ವೆಬ್‌ಸೈಟಿನಲ್ಲಿರುವ ಆಟಗಾರರ ಮಾಹಿತಿ ನಮೂನೆಯನ್ನು ತುಂಬುವುದು, ಕೋಚುಗಳಿಗೆ ಬರೆಯುವುದು, ಇವೆಲ್ಲ ಹತ್ತನೇ ತರಗತಿಯ ಕೆಲಸಗಳು. ಡಿವಿಷನ್ 1ರ ಕೋಚುಗಳಿಂದ ಉತ್ತರ ಬರುವುದಿಲ್ಲ, ಬರುವಂತಿಲ್ಲ, ಆದರೂ ಬರೆಯಬೇಕು.

ಆ ದಿನ ಮಧ್ಯರಾತ್ರಿ ಹನ್ನೆರಡು ಹೊಡೆದ ಕೂಡಲೇ ಕೆಲವರ ಫೋನುಗಳಿಗೆ ಸಂದೇಶಗಳು ಬರಲಾರಂಭಿಸುತ್ತವೆ. ಹೆಚ್ಚಿನವರ ಫೋನು ಸುಮ್ಮನಿರುತ್ತದೆ. ಗೆಳೆಯರೆಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಕಾಲೇಜಿನ ಹೆಸರು ಹಾಕಿಕೊಳ್ಳುತ್ತಿರುವಾಗ ಹದಿನಾರು ವರ್ಷದ ಮಗುವಿಗೆ ಇದು ಸಹಿಸಲಾಗದಂಥದ್ದು. ಆ ವಾರ ಮನೆಯಲ್ಲಿ ಯಾರನ್ನೂ ಯಾರ ಜೊತೆಗೂ ಹೋಲಿಸದಿರುವುದು ಒಳ್ಳೆಯದು. ಮೊದಲ ಕರೆಗಳು ಹೋಗುವುದು ಪಟ್ಟಿಯ ತುದಿಯಲ್ಲಿರುವವರಿಗೆ. ಅವರಲ್ಲಿ ಅನೇಕರು ಬೇರೆಡೆ ಒಪ್ಪಿಕೊಂಡ ಮೇಲೆ ಕೋಚುಗಳು ಪಟ್ಟಿಯಲ್ಲಿ ಕೆಳಗಿಳಿಯುತ್ತಾರೆ, ಹನ್ನೊಂದನೇ ತರಗತಿ ಮುಗಿಯುವವರೆಗೂ ಅದು ನಡೆಯುತ್ತಿರುತ್ತದೆ. ಡಿವಿಷನ್ 3ರಲ್ಲಿ ಹನ್ನೆರಡನೇ ತರಗತಿಗೆ ಮುಂಚಿನ ಬೇಸಿಗೆಯಲ್ಲಿಯೇ ಕೆಲಸ ಬಿರುಸಾಗುತ್ತದೆ.

ವಿಡಿಯೊ ಮತ್ತು ಪತ್ರ

ಕೋಚಿನ ಮೇಜಿಗೆ ಬರುವ ವಿಡಿಯೊಗಳಲ್ಲಿ ಹೆಚ್ಚಿನವನ್ನು ಅವರು ಪೂರ್ತಿ ನೋಡುವುದಿಲ್ಲ. ಆದ್ದರಿಂದ ಮೂರು-ನಾಲ್ಕು ನಿಮಿಷ ಸಾಕು, ಅತ್ಯುತ್ತಮವಾದದ್ದು ಮೊದಲ ಮೂವತ್ತು ಸೆಕೆಂಡುಗಳಲ್ಲಿಯೇ ಬರಬೇಕು. ಸಂಗೀತ, ಬೆಂಕಿಯಂತೆ ಉರಿಯುವ ಅಕ್ಷರಗಳು ಬೇಡ. ಆಟ ಆರಂಭವಾಗುವ ಮೊದಲು ಚಿತ್ರವನ್ನು ಒಂದು ಕ್ಷಣ ನಿಲ್ಲಿಸಿ, ಆಟಗಾರನ ಸುತ್ತ ವೃತ್ತವನ್ನೋ ಬಾಣವನ್ನೋ ಹಾಕಬೇಕು. ಇಲ್ಲವಾದರೆ ಒಂದೇ ಬಣ್ಣದ ಹೆಲ್ಮೆಟ್ ಧರಿಸಿದ ಹತ್ತು ಜನರಲ್ಲಿ ನಿಮ್ಮ ಮಗ ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಮೈದಾನದ ಮಧ್ಯದ ಗೆರೆಯ ನೇರಕ್ಕೆ, ಸ್ವಲ್ಪ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಚೆಂಡಿನ ಸುತ್ತಲಿನ ಆಟಗಾರರೂ ಕಾಣುವಷ್ಟು ಅಗಲವಾಗಿ ಚಿತ್ರೀಕರಿಸಬೇಕು. ಮಗುವಿನ ಮುಖಕ್ಕೇ ಜೂಮ್ ಮಾಡಿದ ವಿಡಿಯೊ ಅಜ್ಜಿ-ತಾತನಿಗೆ ಕಳಿಸಲು ಚೆನ್ನ, ಕೋಚಿಗೆ ಅದರಿಂದ ಪ್ರಯೋಜನವಿಲ್ಲ.

ಗೋಲುಗಳನ್ನೇ ಸಾಲಾಗಿ ಜೋಡಿಸುವುದೂ ಸರಿಯಲ್ಲ. ಎರಡು ಕೈಗಳಿಂದಲೂ ಚೆಂಡನ್ನು ಹಿಡಿದು ಎಸೆಯಬಲ್ಲರೇ, ನೆಲಕ್ಕೆ ಬಿದ್ದ ಚೆಂಡಿಗೆ ಮೊದಲು ಬಾಗುವವರು ಯಾರು, ಚೆಂಡು ಕಳೆದುಕೊಂಡ ಮರುಗಳಿಗೆ ತಲೆತಗ್ಗಿಸಿ ನಿಲ್ಲುತ್ತಾರೋ ಅಥವಾ ತಿರುಗಿ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾರೋ ಎಂಬುದನ್ನು ಕೋಚುಗಳು ನೋಡುತ್ತಾರೆ. ಡಿಫೆಂಡರ್ ಆಗಿದ್ದರೆ ಕಾಲಿನ ಚಲನೆ ಮತ್ತು ಸಹ ಆಟಗಾರ ಸೋತಾಗ ನೆರವಿಗೆ ಧಾವಿಸುವ ಸಮಯಪ್ರಜ್ಞೆ ಕಾಣಬೇಕು. ಗೋಲ್‌ಕೀಪರ್ ಆಗಿದ್ದರೆ ತಡೆದ ಚೆಂಡುಗಳಷ್ಟೇ ಮುಖ್ಯವಾಗಿ, ತಡೆದ ನಂತರ ಮೊದಲ ಪಾಸ್ ಎಲ್ಲಿಗೆ ಹೋಯಿತು ಎಂಬುದು. ಆಟ ಆರಂಭಿಸಲು ಇಬ್ಬರು ಚೆಂಡಿಗಾಗಿ ಸೆಣಸುವ ಫೇಸ್-ಆಫ್ ತೆಗೆದುಕೊಳ್ಳುವ ಹುಡುಗರು, ಅದೇ ರೀತಿಯ ಡ್ರಾ ತೆಗೆದುಕೊಳ್ಳುವ ಹುಡುಗಿಯರು ಗೆದ್ದ ನಾಲ್ಕರ ಜೊತೆ ಸೋತು ಮತ್ತೆ ಚೆಂಡನ್ನು ಕಿತ್ತುಕೊಂಡ ಒಂದನ್ನಾದರೂ ಸೇರಿಸಬೇಕು. ಕೊನೆಯಲ್ಲಿ ಒಂದು ಪೂರ್ತಿ ಪಂದ್ಯದ ಕೊಂಡಿಯನ್ನು ಕೊಡುವುದು ಒಳ್ಳೆಯದು, ಏಕೆಂದರೆ ಮೆಚ್ಚಿದ ಕೋಚ್ ಮುಂದೆ ಕೇಳುವುದು ಅದನ್ನೇ.

ಪತ್ರವನ್ನು ಮಗುವೇ ಬರೆಯಬೇಕು. ನಮ್ಮಲ್ಲಿ ಅಪ್ಪನೇ ಮಗನ ಹೆಸರಿನಲ್ಲಿ ಇಮೇಲ್ ತೆರೆದು, ಕಚೇರಿಯ ಭಾಷೆಯಲ್ಲಿ ಬರೆದು ಕಳಿಸುವುದುಂಟು. ಹದಿನಾರರ ಹುಡುಗ ಹಾಗೆ ಬರೆಯುವುದಿಲ್ಲವೆಂದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಇಮೇಲಿನ ವಿಷಯದ ಸಾಲಿನಲ್ಲಿಯೇ ಬೇಕಾದದ್ದೆಲ್ಲ ಇರಬೇಕು: ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಆಡುವ ಸ್ಥಾನ, ಎಡಗೈಯೋ ಬಲಗೈಯೋ, ಊರು, ಜಿಪಿಎ. ಒಳಗೆ ಮೂರು ಸಣ್ಣ ಪ್ಯಾರಾ ಸಾಕು. ಮೊದಲನೆಯದರಲ್ಲಿ ಆ ಕಾಲೇಜೇ ಏಕೆ ಎಂಬುದನ್ನು, ಬೇರೆ ಯಾವ ಕಾಲೇಜಿಗೂ ಹೊಂದದಂತಹ ಒಂದು ಕಾರಣದೊಡನೆ ಹೇಳಬೇಕು. ಎರಡನೆಯದರಲ್ಲಿ ಎತ್ತರ, ತೂಕ, ಶಾಲೆ ಮತ್ತು ಕ್ಲಬ್ ತಂಡದ ಹೆಸರು, ಜೆರ್ಸಿ ಸಂಖ್ಯೆ, ವಿಡಿಯೊ ಕೊಂಡಿ ಮತ್ತು ಆಯಾ ತಂಡದ ಕೋಚುಗಳ ಸಂಪರ್ಕವಿರಬೇಕು. ಮೂರನೆಯದರಲ್ಲಿ ಮುಂದಿನ ಟೂರ್ನಿ ಎಲ್ಲಿ, ಯಾವ ಮೈದಾನದಲ್ಲಿ, ಎಷ್ಟು ಗಂಟೆಗೆ ಎಂಬುದಿರಬೇಕು. ಟೂರ್ನಿಯ ವೇಳಾಪಟ್ಟಿ ಬಂದ ಕೂಡಲೇ ಇದನ್ನು ಮತ್ತೊಮ್ಮೆ ಎರಡು ಸಾಲಿನಲ್ಲಿ ಕಳಿಸಬೇಕು. ಕೋಚನ್ನು ಅವರ ಹೆಸರು ಹಿಡಿದು ಸಂಬೋಧಿಸಬೇಕು. ಪತ್ರವನ್ನು ನಕಲು ಮಾಡಿ ಹತ್ತು ಕಡೆ ಕಳಿಸುವಾಗ ಒಂದು ಕಾಲೇಜಿನ ಹೆಸರು ಇನ್ನೊಂದು ಕಾಲೇಜಿನ ಪತ್ರದಲ್ಲಿ ಉಳಿದುಬಿಟ್ಟರೆ ಆ ಬಾಗಿಲು ಅಲ್ಲಿಗೆ ಮುಚ್ಚಿದಂತೆಯೇ.

ಕ್ಲಬ್ ತಂಡ, ಟೂರ್ನಿ, ಕೋಚುಗಳ ಮುಂದೆ ಆಟ ತೋರಿಸಲೆಂದೇ ನಡೆಯುವ ಶೋಕೇಸ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೈಸ್ಕೂಲ್ ಲಕ್ರಾಸ್ ವಸಂತಕಾಲದಲ್ಲಿ ನಡೆಯುತ್ತದೆ. ಕಾಲೇಜು ಕೋಚುಗಳು ಆಗ ತಮ್ಮ ತಂಡದ ಪಂದ್ಯಗಳಲ್ಲಿ ಮುಳುಗಿರುತ್ತಾರೆ. ಅವರು ನೋಡಲು ಬರುವುದು ಬೇಸಿಗೆಯಲ್ಲಿ ಮತ್ತು ಶರತ್ಕಾಲದಲ್ಲಿ, ಹತ್ತಾರು ತಂಡಗಳು ಒಂದೇ ಕಡೆ ಆಡುವ ಕ್ಲಬ್ ಟೂರ್ನಿಗಳಿಗೆ. ಹೀಗಾಗಿ ಕ್ಲಬ್ ಬೇಕು, ಆದರೆ ದುಬಾರಿಯಾದ ಎಲ್ಲ ಶೋಕೇಸ್‌ಗಳೂ ಬೇಡ. ಇಷ್ಟಪಟ್ಟ ಕಾಲೇಜು ತಾನೇ ನಡೆಸುವ ಶಿಬಿರಕ್ಕೆ ಹೋಗುವುದು ಹೆಚ್ಚು ಉಪಯೋಗಕರ. 'ವಿಶೇಷ ಆಹ್ವಾನ' ಎಂದು ಬರುವ ಪತ್ರ ನೂರಾರು ಜನರಿಗೆ ಹೋಗಿರುತ್ತದೆ. ಅದನ್ನು ಆಯ್ಕೆಯ ಸೂಚನೆಯೆಂದು ತಿಳಿಯಬಾರದು.

ಹಣದ ಮಾತು

2025ರ ಬೇಸಿಗೆಯವರೆಗೆ ಡಿವಿಷನ್ 1ರ ಗಂಡುಮಕ್ಕಳ ಲಕ್ರಾಸ್ ತಂಡವೊಂದು ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳು 12.6, ಹೆಣ್ಣುಮಕ್ಕಳ ತಂಡಕ್ಕೆ 12. ಅದನ್ನೇ ನಲವತ್ತು-ಐವತ್ತು ಜನರಿಗೆ ಹಂಚುತ್ತಿದ್ದರು. ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಎಂಬ ಮೊಕದ್ದಮೆಯ ರಾಜಿಗೆ 2025ರ ಜೂನ್‌ನಲ್ಲಿ ನ್ಯಾಯಾಲಯದ ಒಪ್ಪಿಗೆ ದೊರೆತ ಮೇಲೆ ಲೆಕ್ಕ ಬದಲಾಯಿತು. ಅದಕ್ಕೆ ಸೇರಿಕೊಂಡ ಕಾಲೇಜುಗಳಿಗೆ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದಲ್ಲಿರುವ ಆಟಗಾರರ ಸಂಖ್ಯೆಗೆ ಮಿತಿ ಬಂತು: ಗಂಡುಮಕ್ಕಳ ತಂಡದಲ್ಲಿ 48, ಹೆಣ್ಣುಮಕ್ಕಳ ತಂಡದಲ್ಲಿ 38. ಎಲ್ಲರಿಗೂ ಹಣ ಕೊಡಲು ಈಗ ಅನುಮತಿಯಿದೆ, ಆದರೆ ಎಲ್ಲ ಕಾಲೇಜುಗಳ ಬಳಿಯೂ ಅಷ್ಟು ಹಣವಿಲ್ಲ. ಹೆಚ್ಚಿನ ಜನರನ್ನು ಇಟ್ಟುಕೊಳ್ಳುತ್ತಿದ್ದ ತಂಡಗಳಲ್ಲಿ ಜಾಗ ಕಡಿಮೆಯಾಗಿರುವುದಂತೂ ನಿಜ. ಅದರ ಮೇಲೆ, ಬೇರೆ ಕಾಲೇಜಿನಲ್ಲಿ ಮೂರು-ನಾಲ್ಕು ವರ್ಷ ಆಡಿ ಪಳಗಿದವರು ವರ್ಗಾವಣೆಯಾಗಿ ಬರುವುದು ಸುಲಭವಾಗಿರುವುದರಿಂದ, ಹೈಸ್ಕೂಲಿನಿಂದ ನೇರವಾಗಿ ಬರುವ ಮಗು ಅವರ ಜೊತೆಗೂ ಸ್ಪರ್ಧಿಸಬೇಕು.

ಹೀಗಾಗಿ ಲಕ್ರಾಸ್ ಆಡಿಸಿ ಕಾಲೇಜು ಶುಲ್ಕ ಉಳಿಸಬಹುದೆಂಬ ಲೆಕ್ಕಾಚಾರ ಹೆಚ್ಚಿನ ಕುಟುಂಬಗಳಿಗೆ ಸರಿಹೊಂದುವುದಿಲ್ಲ. ಕ್ಲಬ್ಬಿಗೂ ಪ್ರಯಾಣಕ್ಕೂ ಸುರಿದ ಹಣ ವಿದ್ಯಾರ್ಥಿವೇತನವಾಗಿ ಮರಳದಿರುವ ಸಂಭವವೇ ಹೆಚ್ಚು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ಮನೆಯ ಆದಾಯ ತುಂಬಿ, ಆಟದ ನೆರವಿಲ್ಲದೆ ಎಷ್ಟು ಕಟ್ಟಬೇಕಾಗುತ್ತದೆಂದು ಮೊದಲೇ ನೋಡಿಕೊಂಡರೆ, ಮುಂದೆ ಕೋಚ್ ಜೊತೆ ಮಾತನಾಡುವಾಗ ಯಾವುದಕ್ಕೆ ಒಪ್ಪಬಹುದು ಎಂಬ ಸ್ಪಷ್ಟತೆ ಇರುತ್ತದೆ.

ಗ್ರೀನ್ ಕಾರ್ಡ್ ಇನ್ನೂ ಬಾರದೆ, ತಂದೆ ಅಥವಾ ತಾಯಿಯ ಕೆಲಸದ ವೀಸಾವನ್ನು ಆಧರಿಸಿದ ಎಚ್-4 ವೀಸಾದಲ್ಲಿರುವ ಮಕ್ಕಳ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕ್ಲಬ್ಬಿನ ಉಳಿದ ಪೋಷಕರಿಗೆ ಇದರ ಅರಿವಿರುವುದಿಲ್ಲ. ಈ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಆಟದ ವಿದ್ಯಾರ್ಥಿವೇತನಕ್ಕೆ ವೀಸಾ ಅಡ್ಡಿಯಲ್ಲ, ಆದರೆ ಆದಾಯ ನೋಡಿ ಕೊಡುವ ನೆರವಿನಲ್ಲಿ ಕೆಲವು ಕಾಲೇಜುಗಳು ಇವರನ್ನು ವಿದೇಶಿ ವಿದ್ಯಾರ್ಥಿಗಳ ಗುಂಪಿಗೆ ಸೇರಿಸುತ್ತವೆ, ಆ ಗುಂಪಿನ ನಿಯಮಗಳು ಬೇರೆಯಿರುತ್ತವೆ. ಇಪ್ಪತ್ತೊಂದು ತುಂಬಿದೊಡನೆ ಎಚ್-4 ಮುಗಿಯುವುದರಿಂದ ಕಾಲೇಜಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗಬಹುದು. ಆಟಗಾರರ ಹೆಸರು, ಚಿತ್ರ ಬಳಸಿ ಬರುವ ಜಾಹೀರಾತಿನ ಹಣವನ್ನಾಗಲಿ, ಕ್ರೀಡೆಯ ಆದಾಯದಲ್ಲಿ ಕಾಲೇಜೇ ಹಂಚುವ ಪಾಲನ್ನಾಗಲಿ ವಲಸೆ ವಕೀಲರನ್ನು ಕೇಳದೆ ಮುಟ್ಟಬಾರದು. ವೆಸ್ಟ್ ಪಾಯಿಂಟ್, ಅನ್ನಾಪೊಲಿಸ್‌ನ ಸೇನಾ ಅಕಾಡೆಮಿಗಳು ಲಕ್ರಾಸ್‌ನಲ್ಲಿ ಬಲಿಷ್ಠ, ಅಲ್ಲಿ ಶುಲ್ಕವೂ ಇಲ್ಲ; ಆದರೆ ಅವು ಅಮೆರಿಕದ ಪೌರರಿಗಾಗಿ ಇರುವಂಥವು, ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೇನೆಯಲ್ಲಿ ಸೇವೆ ಸಲ್ಲಿಸಬೇಕು.

ಆಹ್ವಾನ ಬಂದಾಗ

ಕೋಚ್ 'ನೀನು ನಮಗೆ ಬೇಕು' ಎಂದಾಗ ಮಗು ಸಂತೋಷದಿಂದ ಅಲ್ಲಿಯೇ ಒಪ್ಪಿಬಿಡುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ನನ್ನ ಸ್ಥಾನದಲ್ಲಿ ಈ ವರ್ಷ ಎಷ್ಟು ಜನರನ್ನು ತೆಗೆದುಕೊಳ್ಳುತ್ತೀರಿ, ಈಗಾಗಲೇ ಎಷ್ಟು ಜನ ಒಪ್ಪಿದ್ದಾರೆ, ನೆರವು ಎಷ್ಟು, ಅದು ಎಷ್ಟು ವರ್ಷಕ್ಕೆ, ಗಾಯವಾದರೆ ಏನಾಗುತ್ತದೆ, ಪ್ರವೇಶ ವಿಭಾಗ ನನ್ನ ಅಂಕಪಟ್ಟಿಯನ್ನು ನೋಡಿದೆಯೇ? ಕೊನೆಯದು ಐವಿ ಲೀಗ್ ಮತ್ತು ಬಿಗಿಯಾದ ಡಿವಿಷನ್ 3 ಕಾಲೇಜುಗಳಲ್ಲಿ ಅತಿ ಮುಖ್ಯ. ಹನ್ನೊಂದನೇ ತರಗತಿ ಮುಗಿದ ಜುಲೈನಲ್ಲಿ ಅಂಕಪಟ್ಟಿಯನ್ನು ಪ್ರವೇಶ ವಿಭಾಗಕ್ಕೆ ಮೊದಲೇ ತೋರಿಸುವ ಪದ್ಧತಿ ಅಲ್ಲಿದೆ; ಅದರ ಫಲಿತಾಂಶ ತಿಳಿಯುವವರೆಗೆ ಕೋಚಿನ ಮಾತು ಅರ್ಧ ಮಾತ್ರ. ಐವಿ ಲೀಗ್‌ನಲ್ಲಿ ಅಕ್ಟೋಬರ್ 1ರ ನಂತರ 'ಲೈಕ್ಲಿ ಲೆಟರ್' ಎಂಬ ಪತ್ರವನ್ನು ಪ್ರವೇಶ ವಿಭಾಗವೇ ಕಳಿಸಬಹುದು, ಅದು ಬಂದರೆ ಬಹುಮಟ್ಟಿಗೆ ಸೀಟು ಸಿಕ್ಕಂತೆ.

ಬಾಯಿಮಾತಿನ ಒಪ್ಪಂದ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ. ಕೋಚ್ ಕೆಲಸ ಬಿಟ್ಟು ಬೇರೆ ಕಾಲೇಜಿಗೆ ಹೋದರೆ ಹೊಸಬರು ಆ ಮಾತನ್ನು ಉಳಿಸಿಕೊಳ್ಳಬೇಕೆಂದಿಲ್ಲ, ಇಂಥದ್ದು ನಡೆಯುತ್ತದೆ. ಡಿವಿಷನ್ 1ರಲ್ಲಿ ನೆರವಿನ ಲಿಖಿತ ಪತ್ರವನ್ನು ಹನ್ನೆರಡನೇ ತರಗತಿಗೆ ಬಂದ ವರ್ಷದ ಆಗಸ್ಟ್ 1ರಿಂದ ಕೊಡಬಹುದು, ನವೆಂಬರ್‌ನಲ್ಲಿ ಸಹಿ ಹಾಕಬಹುದು. ಹಿಂದೆ ಇದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಸೇರ್ಪಡೆಯ ಒಪ್ಪಂದಪತ್ರವನ್ನು 2024ರ ಅಕ್ಟೋಬರ್‌ನಲ್ಲಿ ರದ್ದುಮಾಡಿ, ಕಾಲೇಜಿನ ಹಣಕಾಸು ನೆರವಿನ ಒಪ್ಪಂದವನ್ನೇ ಅದರ ಜಾಗಕ್ಕೆ ತಂದಿದ್ದಾರೆ. ಡಿವಿಷನ್ 3ರಲ್ಲಿ ಅಂಥ ಒಪ್ಪಂದವಿಲ್ಲದ ಕಾರಣ, ಕೋಚುಗಳು ಸಾಮಾನ್ಯವಾಗಿ ನವೆಂಬರ್‌ನ ಅರ್ಲಿ ಡಿಸಿಷನ್ ಅರ್ಜಿ ಹಾಕುವಂತೆ ಹೇಳುತ್ತಾರೆ. ಸೀಟು ಸಿಕ್ಕರೆ ಸೇರಲೇಬೇಕೆಂಬ ಅರ್ಜಿ ಅದು. ಕಟ್ಟಬೇಕಾದ ಹಣದ ಅಂದಾಜು ಕೈಯಲ್ಲಿಲ್ಲದೆ ಹಾಕಬಾರದು.

ಒಂದು ಕಾಲೇಜನ್ನು ಒಪ್ಪಿದ ದಿನವೇ ಆಸಕ್ತಿ ತೋರಿದ್ದ ಉಳಿದ ಕೋಚುಗಳಿಗೆ ಮಗು ಖುದ್ದಾಗಿ ತಿಳಿಸಬೇಕು. ಡಿವಿಷನ್ 1 ಅಥವಾ 2ರಲ್ಲಿ ಆಡುವವರು ಅಷ್ಟರೊಳಗೆ, ಆಡಲು ಅರ್ಹರೇ ಎಂದು ನಿರ್ಧರಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಖಾತೆ ತೆರೆದಿರಬೇಕು. ಹನ್ನೆರಡನೇ ತರಗತಿಯ ಏಪ್ರಿಲ್ 1ರ ನಂತರ ಹವ್ಯಾಸಿ ಆಟಗಾರನೆಂಬ ಅಂತಿಮ ಪ್ರಮಾಣೀಕರಣವನ್ನು ಅಲ್ಲಿಯೇ ಕೋರಬೇಕು. ಜೂನ್‌ನಲ್ಲಿ ಶಾಲೆ ಮುಗಿದ ಮೇಲೆ, ಉತ್ತೀರ್ಣರಾದ ದಾಖಲೆಯಿರುವ ಕೊನೆಯ ಅಂಕಪಟ್ಟಿಯನ್ನು ಶಾಲೆಯೇ ನೇರವಾಗಿ ಕಳಿಸಿದೆಯೇ ಎಂದು ಕೌನ್ಸೆಲರ್ ರಜೆಯ ಮೇಲೆ ಹೋಗುವ ಮೊದಲು ವಿಚಾರಿಸಿಕೊಳ್ಳಬೇಕು.